ಬಹುಮತವನ್ನು ಎಣಿಸಬೇಕಾದ ಸ್ಥಳ ಯಾವುದು? ಬೊಮ್ಮಾಯಿ ತೀರ್ಪು ಹಾಗೂ ಅಧಿಕಾರದ ಹಂಚಿಕೆ

ದೇಶದ ಯಾವುದಾದರೊಂದು ರಾಜ್ಯದಲ್ಲಿ ಸರ್ಕಾರ ಅಲುಗಾಡುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕನ್ನಡಿಗರೊಬ್ಬರ ಹೆಸರು ಕಾಣಿಸಿಕೊಳ್ಳುತ್ತದೆ. ಅದು ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರು. ಸರ್ವೋಚ್ಚ ನ್ಯಾಯಾಲಯವು 1994ರ ಮಾರ್ಚ್ 11ರಂದು ನೀಡಿದ ‘ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ’ ಪ್ರಕರಣದ ತೀರ್ಪು ಈಗ ಕಾನೂನು ವಿದ್ಯಾರ್ಥಿಗಳಿಗೆ ಕಡ್ಡಾಯ ಪಾಠ. ನಮ್ಮ ಪ್ರಸಾದ ನಿಲಯಗಳಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಮಕ್ಕಳೂ ಆ ಇಸವಿಯನ್ನು ಕಂಠಪಾಠ ಮಾಡಿರುತ್ತಾರೆ. ಆದರೆ ಆ ತೀರ್ಪು ಏನನ್ನು ಹೇಳಿತು, ಏಕೆ ಹೇಳಿತು, ಅದರಿಂದ ಸಾಮಾನ್ಯ ಮತದಾರನಿಗೆ ದೊರೆತ ರಕ್ಷಣೆ ಎಂಥದು ಎಂಬುದು ಇಸವಿಯಷ್ಟು ಪ್ರಚಾರ ಪಡೆದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಅದನ್ನು ಬಿಡಿಸಿ ಹೇಳಲು ನಾವು ಪ್ರಯತ್ನಿಸಿದ್ದೇವೆ.

ಸಂವಿಧಾನವು ಅಧಿಕಾರವನ್ನು ಹೇಗೆ ಹಂಚಿದೆ ಎಂಬುದನ್ನು ವಿಧಿಗಳ ಸಂಖ್ಯೆಗಳ ಮೂಲಕ ಕಲಿಯಬಹುದು. ಒಂದು ನಿಜ ಪ್ರಕರಣದ ಮೂಲಕ ಕಲಿತರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಕೇಂದ್ರ ಮತ್ತು ರಾಜ್ಯ, ಶಾಸಕಾಂಗ ಮತ್ತು ಕಾರ್ಯಾಂಗ, ಸರ್ಕಾರ ಮತ್ತು ನ್ಯಾಯಾಲಯ ಈ ಮೂರು ಜೋಡಿಗಳ ನಡುವಣ ಗಡಿರೇಖೆಗಳು ಏಕಕಾಲಕ್ಕೆ ಪರೀಕ್ಷೆಗೆ ಒಳಗಾದ ಪ್ರಕರಣಗಳು ವಿರಳ. ಬೊಮ್ಮಾಯಿ ಪ್ರಕರಣ ಅಂತಹವುಗಳಲ್ಲಿ ಒಂದು.

ಹಂಚಿಕೆಯ ಮೂಲ ವಿನ್ಯಾಸ

ಮೊದಲು ವಿನ್ಯಾಸವನ್ನು ಸಂಕ್ಷೇಪವಾಗಿ ನೋಡೋಣ. ನಮ್ಮ ಸಂವಿಧಾನವು ಅಧಿಕಾರವನ್ನು ಎರಡು ಬಗೆಯಲ್ಲಿ ವಿಭಾಗಿಸಿದೆ.

ಒಂದನೆಯದು ಕೇಂದ್ರ ಮತ್ತು ರಾಜ್ಯಗಳ ನಡುವಿನ ವಿಭಾಗ. 246ನೆಯ ವಿಧಿ ಹಾಗೂ ಏಳನೆಯ ಅನುಸೂಚಿ ಇದಕ್ಕೆ ಆಧಾರ. ಅಲ್ಲಿ ಮೂರು ಪಟ್ಟಿಗಳಿವೆ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು. ರಕ್ಷಣೆ, ರೈಲ್ವೆ, ನಾಣ್ಯ ಮೊದಲಾದವು ಕೇಂದ್ರದ ಪಾಲಿಗೆ ಬಂದರೆ, ಪೊಲೀಸು, ಕೃಷಿ, ಭೂಮಿ, ಸಾರ್ವಜನಿಕ ಆರೋಗ್ಯ ಮೊದಲಾದವು ರಾಜ್ಯಗಳ ಪಾಲಿಗೆ ಬಂದವು. ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಇಬ್ಬರೂ ಶಾಸನ ಮಾಡಬಹುದು. ಎರಡರ ನಡುವೆ ವಿರೋಧ ಬಂದಾಗ 254ನೆಯ ವಿಧಿಯಂತೆ ಸಾಮಾನ್ಯವಾಗಿ ಸಂಸತ್ತಿನ ಶಾಸನವೇ ನಿಲ್ಲುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯವೂ 248ನೆಯ ವಿಧಿಯ ಪ್ರಕಾರ ಸಂಸತ್ತಿಗೇ ಸೇರುತ್ತದೆ. 1976ರ 42ನೆಯ ತಿದ್ದುಪಡಿಯು ಶಿಕ್ಷಣ, ಅರಣ್ಯ ಮುಂತಾದ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು. ತಕ್ಕಡಿ ಕೇಂದ್ರದ ಕಡೆಗೆ ತುಸು ವಾಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯದು ಶಾಸಕಾಂಗ, ಕಾರ್ಯಾಂಗ ಮತ್ತು ನ್ಯಾಯಾಂಗಗಳ ನಡುವಿನ ವಿಭಾಗ. ಇಲ್ಲಿ ಪರಸ್ಪರ ಬೇಲಿಗಳುಂಟು. ನ್ಯಾಯಾಧೀಶರು ಕರ್ತವ್ಯ ನಿರ್ವಹಣೆಯಲ್ಲಿ ನಡೆದುಕೊಂಡ ಬಗೆಯನ್ನು ವಿಧಾನಮಂಡಲ ಚರ್ಚಿಸಬಾರದು ಎಂದು 211ನೆಯ ವಿಧಿ ಹೇಳುತ್ತದೆ. ಸದನದ ಕಲಾಪದಲ್ಲಿ ಕ್ರಮಲೋಪವಾಗಿದೆ ಎಂಬ ಕಾರಣಕ್ಕೆ ನ್ಯಾಯಾಲಯವು ಅದನ್ನು ಪ್ರಶ್ನಿಸಬಾರದು ಎಂದು ಮರುವಿಧಿಯಾದ 212 ಹೇಳುತ್ತದೆ. ಆದರೆ ಸದನವು ಮಾಡಿದ ಶಾಸನವು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಅದನ್ನು ಅಸಿಂಧು ಎನ್ನುವ ಅಧಿಕಾರ ನ್ಯಾಯಾಲಯಕ್ಕಿದೆ. ಕಾರ್ಯಾಂಗವಾದ ಸಚಿವ ಸಂಪುಟವು 164ನೆಯ ವಿಧಿಯಂತೆ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಈ ‘ಹೊಣೆ’ ಎಂಬ ಪದವೇ ಮುಂದೆ ಬರುವ ಪ್ರಕರಣದ ತಿರುಳು.

356ನೆಯ ವಿಧಿ ಏಕೆ ಬಂತು?

ಇಷ್ಟೆಲ್ಲ ಹಂಚಿಕೆಯ ನಡುವೆ, ಹಂಚಿದ್ದನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಪಡೆಯುವ ಒಂದು ಅಧಿಕಾರವನ್ನೂ ಸಂವಿಧಾನವು ಕೇಂದ್ರಕ್ಕೆ ನೀಡಿದೆ. ಅದೇ 356ನೆಯ ವಿಧಿ. ಸಂವಿಧಾನದ ಉಪಬಂಧಗಳಿಗೆ ಅನುಸಾರವಾಗಿ ರಾಜ್ಯದ ಸರ್ಕಾರವನ್ನು ನಡೆಸಲಾಗದ ಪರಿಸ್ಥಿತಿ ಉಂಟಾಗಿದೆ ಎಂದು ರಾಜ್ಯಪಾಲರ ವರದಿಯಿಂದಾಗಲಿ, ಅನ್ಯಥಾ ಆಗಲಿ ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ, ಅವರು ಉದ್ಘೋಷಣೆಯ ಮೂಲಕ ರಾಜ್ಯದ ಆಡಳಿತವನ್ನು ವಹಿಸಿಕೊಳ್ಳಬಹುದು. ರಾಷ್ಟ್ರಪತಿಗಳು ಕೇಂದ್ರ ಸಚಿವ ಸಂಪುಟದ ಸಲಹೆಯಂತೆ ನಡೆಯುವವರಾದ್ದರಿಂದ, ವಾಸ್ತವದಲ್ಲಿ ಇದು ಕೇಂದ್ರ ಸರ್ಕಾರದ ಕೈಯಲ್ಲಿರುವ ಅಧಿಕಾರ.

ಇದರ ಬೇರು ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯ್ದೆಯ 93ನೆಯ ಪ್ರಕರಣದಲ್ಲಿದೆ. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ನೀಡಿದಾಗ ಪ್ರಾಂತಗಳ ಗವರ್ನರುಗಳು ಇದೇ ಪ್ರಕರಣದ ಬಲದಿಂದ ಆಡಳಿತ ನಡೆಸಿದ್ದರು. ಪರಕೀಯ ಆಡಳಿತದ ಇಂತಹ ಅಸ್ತ್ರವು ಸ್ವತಂತ್ರ ದೇಶಕ್ಕೆ ಬೇಕೆ ಎಂದು ಸಂವಿಧಾನ ರಚನಾ ಸಭೆಯಲ್ಲಿ ಎಚ್.ವಿ. ಕಾಮತ್ ಮೊದಲಾದ ಸದಸ್ಯರು ಕಟುವಾಗಿ ವಿರೋಧಿಸಿದರು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಕಾಲವದು. ರಾಜ್ಯವೊಂದರಲ್ಲಿ ಆಡಳಿತವೇ ಕುಸಿದರೆ ಕೇಂದ್ರವು ಕೈಕಟ್ಟಿ ಕೂರಲಾಗದು ಎಂಬ ಆತಂಕವೂ ಅಷ್ಟೇ ನಿಜವಾಗಿತ್ತು. 1949ರ ಆಗಸ್ಟ್‌ನಲ್ಲಿ ಈ ಚರ್ಚೆಗೆ ಉತ್ತರಿಸಿದ ಡಾ. ಬಿ.ಆರ್. ಅಂಬೇಡ್ಕರ್ ಅವರು ದುರುಪಯೋಗದ ಸಾಧ್ಯತೆಯನ್ನು ಅಲ್ಲಗಳೆಯಲಿಲ್ಲ. ಈ ವಿಧಿಗಳು ಎಂದಿಗೂ ಬಳಕೆಗೆ ಬಾರದೆ ಹಾಳೆಯ ಮೇಲಿನ ಅಕ್ಷರಗಳಾಗಿಯೇ ಉಳಿಯಲಿ ಎಂಬ ಆಶಯವನ್ನು ವ್ಯಕ್ತಪಡಿಸಿದರು.

ಆಶಯ ಈಡೇರಲಿಲ್ಲ. 1951ರಲ್ಲಿ ಪಂಜಾಬಿನಲ್ಲಿ ಮೊದಲ ಬಾರಿಗೆ ರಾಷ್ಟ್ರಪತಿ ಆಳ್ವಿಕೆ ಬಂತು. 1959ರ ಜುಲೈ 31ರಂದು ಕೇರಳದಲ್ಲಿ, ಸದನದಲ್ಲಿ ಬಹುಮತವನ್ನು ಹೊಂದಿದ್ದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರವನ್ನೇ ವಜಾಗೊಳಿಸಲಾಯಿತು. 1977ರಲ್ಲಿ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರವು ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಸರ್ಕಾರವು ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿತು. ಹೀಗೆ 1994ರ ವೇಳೆಗೆ ಈ ವಿಧಿಯು ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. ಯಾವ ಪಕ್ಷ ಮಾಡಿತು ಎಂಬುದು ಇಲ್ಲಿ ಮುಖ್ಯವಲ್ಲ. ಅಧಿಕಾರ ಕೈಗೆ ಬಂದಾಗ ಎಲ್ಲರೂ ಮಾಡಿದರು ಎಂಬುದೇ ಮುಖ್ಯ. ವ್ಯಕ್ತಿಗಳ ಸದ್ಗುಣವನ್ನಷ್ಟೇ ನಂಬಿ ಅಧಿಕಾರವನ್ನು ಒಪ್ಪಿಸಲಾಗದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1989ರ ಏಪ್ರಿಲ್ ತಿಂಗಳ ಐದು ದಿನಗಳು

1985ರ ಚುನಾವಣೆಯಲ್ಲಿ ಜನತಾ ಪಕ್ಷವು ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಗೆದ್ದು ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಸರ್ಕಾರ ರಚಿಸಿತು. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ನೀಡಿದ ಬಳಿಕ, ವೃತ್ತಿಯಿಂದ ವಕೀಲರಾಗಿದ್ದ ಎಸ್.ಆರ್. ಬೊಮ್ಮಾಯಿ ಅವರು ಆಗಸ್ಟ್ 13ರಂದು ಮುಖ್ಯಮಂತ್ರಿಗಳಾದರು. ಅನಂತರ ಪಕ್ಷಗಳ ವಿಲೀನದಿಂದ ಜನತಾದಳ ರೂಪುಗೊಂಡಿತು. 1989ರ ಏಪ್ರಿಲ್ 15ರಂದು ಸಚಿವ ಸಂಪುಟ ವಿಸ್ತರಣೆಯಾಯಿತು. ಅಸಮಾಧಾನ ಹೊರಬೀಳಲು ಎರಡು ದಿನ ಸಾಕಾದವು.

ಏಪ್ರಿಲ್ 17ರಂದು ಆಡಳಿತ ಪಕ್ಷದ ಶಾಸಕರೊಬ್ಬರು ಸರ್ಕಾರಕ್ಕೆ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡು, ತಮ್ಮೊಡನೆ 19 ಶಾಸಕರದೆನ್ನಲಾದ ಅಂತಹುದೇ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಸಲ್ಲಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರು, ಸರ್ಕಾರವು ಬಹುಮತ ಕಳೆದುಕೊಂಡಿದೆ ಎಂದು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನವೇ, ಆ ಪಟ್ಟಿಯಲ್ಲಿದ್ದ ಏಳು ಮಂದಿ ಶಾಸಕರು ತಮ್ಮ ಸಹಿಗಳನ್ನು ತಪ್ಪು ಮಾಹಿತಿ ನೀಡಿ ಪಡೆಯಲಾಗಿದೆಯೆಂದೂ ತಾವು ಸರ್ಕಾರದೊಂದಿಗೇ ಇರುವುದಾಗಿಯೂ ರಾಜ್ಯಪಾಲರಿಗೆ ಬರೆದರು. ಅದೇ ದಿನ ಮುಖ್ಯಮಂತ್ರಿಗಳು ರಾಜ್ಯಪಾಲರನ್ನು ಕಂಡು, ಅಗತ್ಯವಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಸದನದಲ್ಲಿ ಬಹುಮತವನ್ನು ಸಾಬೀತುಪಡಿಸಲು ಸಿದ್ಧ ಎಂದು ತಿಳಿಸಿದರು. ರಾಜ್ಯಪಾಲರು ಇದಕ್ಕೆ ಅವಕಾಶ ನೀಡಲಿಲ್ಲ. ಏಪ್ರಿಲ್ 20ರಂದು ಎರಡನೆಯ ವರದಿ ಹೋಯಿತು. ಏಪ್ರಿಲ್ 21ರಂದು ಉದ್ಘೋಷಣೆ ಹೊರಟಿತು. ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಗೊಂಡಿತು.

ಈ ಘಟನಾವಳಿಯನ್ನು ಓದುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಸರ್ಕಾರಕ್ಕೆ ನಿಜವಾಗಿಯೂ ಬಹುಮತ ಇತ್ತೋ ಇಲ್ಲವೋ ಎಂಬುದು ಇಂದಿಗೂ ಯಾರೂ ಖಚಿತವಾಗಿ ಹೇಳಲಾಗದ ಮಾತು. ಏಕೆಂದರೆ ಎಣಿಸಬೇಕಾದ ಸ್ಥಳದಲ್ಲಿ ಯಾರೂ ಎಣಿಸಲೇ ಇಲ್ಲ. ಪತ್ರಗಳು ಬಂದವು, ಪತ್ರಗಳಿಗೆ ವಿರುದ್ಧವಾದ ಪತ್ರಗಳು ಬಂದವು. ಅವುಗಳಲ್ಲಿ ಯಾವುದು ಸತ್ಯ ಎಂಬುದನ್ನು ಒಬ್ಬ ವ್ಯಕ್ತಿ ರಾಜಭವನದಲ್ಲಿ ಕುಳಿತು ನಿರ್ಧರಿಸಿದರು. ಲಕ್ಷಾಂತರ ಮತದಾರರು ನಾಲ್ಕು ವರ್ಷಗಳ ಹಿಂದೆ ಸಾಲಿನಲ್ಲಿ ನಿಂತು ಆರಿಸಿದ ಸದನವು ತನ್ನ ಅಭಿಪ್ರಾಯವನ್ನು ಹೇಳುವ ಮುನ್ನವೇ ಇಲ್ಲವಾಯಿತು.

ನ್ಯಾಯಾಲಯದ ಬಾಗಿಲಿನಲ್ಲಿ

ಬೊಮ್ಮಾಯಿ ಅವರು ಏಪ್ರಿಲ್ 26ರಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅರ್ಜಿಯನ್ನು ವಜಾ ಮಾಡಿತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಅಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಇದರೊಡನೆ ಇನ್ನೂ ಐದು ರಾಜ್ಯಗಳ ಪ್ರಕರಣಗಳನ್ನು ಒಟ್ಟಿಗೆ ಆಲಿಸಿತು. 1988ರ ನಾಗಾಲ್ಯಾಂಡ್, 1991ರ ಮೇಘಾಲಯ, ಹಾಗೂ ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಧ್ವಂಸಗೊಂಡ ಬಳಿಕ 1992ರ ಡಿಸೆಂಬರ್ 15ರಂದು ಸರ್ಕಾರಗಳು ವಜಾಗೊಂಡಿದ್ದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಉದ್ಘೋಷಣೆಗಳೂ ಆ ಪೀಠದ ಮುಂದಿದ್ದವು.

ನ್ಯಾಯಾಲಯದ ಮುಂದಿದ್ದ ಮೊದಲ ಪ್ರಶ್ನೆ ಅದರದೇ ಗಡಿಯ ಕುರಿತಾದುದು. ರಾಷ್ಟ್ರಪತಿಗಳಿಗೆ ‘ಮನವರಿಕೆಯಾಗಿದೆ’ ಎಂದ ಮೇಲೆ ಅದನ್ನು ಪ್ರಶ್ನಿಸಲು ನ್ಯಾಯಾಲಯಕ್ಕೆ ಅಧಿಕಾರ ಉಂಟೆ? ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ 38ನೆಯ ತಿದ್ದುಪಡಿಯ ಮೂಲಕ, ಈ ಮನವರಿಕೆಯೇ ಅಂತಿಮ, ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸಲಾಗದು ಎಂದು ಬರೆಯಲಾಗಿತ್ತು. 1978ರ 44ನೆಯ ತಿದ್ದುಪಡಿಯು ಆ ವಾಕ್ಯವನ್ನು ತೆಗೆದುಹಾಕಿತು. 1977ರ ರಾಜಸ್ಥಾನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ವಿಸರ್ಜನೆಯನ್ನು ತಡೆಯಲು ಒಪ್ಪಿರಲಿಲ್ಲ. ಆದರೂ ದುರುದ್ದೇಶದಿಂದ ಅಥವಾ ಸಂಬಂಧವೇ ಇಲ್ಲದ ಕಾರಣಗಳಿಂದ ಈ ಅಧಿಕಾರವನ್ನು ಚಲಾಯಿಸಿದ್ದರೆ ನೋಡಬಹುದು ಎಂಬ ಕಿರುಬಾಗಿಲನ್ನು ತೆರೆದಿಟ್ಟಿತ್ತು. ಬೊಮ್ಮಾಯಿ ಪ್ರಕರಣದಲ್ಲಿ ಆ ಬಾಗಿಲು ಪೂರ್ತಿಯಾಗಿ ತೆರೆಯಿತು.

ಮೂಲ ಸಂರಚನೆ ಮತ್ತು ಒಂದು ಮಠದ ಅರ್ಜಿ

ತೀರ್ಪನ್ನು ಅರಿಯಲು ಅದಕ್ಕಿಂತ ಇಪ್ಪತ್ತೊಂದು ವರ್ಷ ಹಿಂದಿನ ಮತ್ತೊಂದು ಪ್ರಕರಣವನ್ನು ನೆನೆಯಬೇಕು. ಕಾಸರಗೋಡು ಪ್ರದೇಶದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯ್ದೆಗಳಿಂದ ಮಠದ ಭೂಮಿಗೆ ಒದಗಿದ ಸ್ಥಿತಿಯನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕಾಯ್ದೆಯ ಪ್ರಶ್ನೆಯು ಬೆಳೆದು ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳ ಪೀಠವು 68 ದಿನಗಳ ವಾದವನ್ನು ಆಲಿಸಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಅಂತರದಲ್ಲಿ ತೀರ್ಪಿತ್ತಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸಲಾಗದು ಎಂಬುದು ಅದರ ಸಾರ. ಮರುದಿನವೇ ಸರ್ಕಾರವು ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೆ ಸರಿಸಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿದ್ದು ಪ್ರಕಟವಾಯಿತು. ಹೀಗೆ ಬದಿಗೆ ಸರಿದವರಲ್ಲಿ ಕರ್ನಾಟಕದವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮೂವರೂ ರಾಜೀನಾಮೆ ಇತ್ತರು.

ಎಡನೀರಿನ ಸ್ವಾಮೀಜಿಯವರು ಮಠದ ಭೂಮಿಗಾಗಿ ಹೂಡಿದ ವ್ಯಾಜ್ಯವು ಇಡೀ ದೇಶದ ಸಂವಿಧಾನಕ್ಕೆ ಕಾವಲಾಯಿತು. ಬೊಮ್ಮಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳು ಈ ಮೂಲ ಸಂರಚನೆಯ ತತ್ತ್ವವನ್ನು ಆಧರಿಸಿ, ಒಕ್ಕೂಟ ವ್ಯವಸ್ಥೆಯೂ ಧರ್ಮನಿರಪೇಕ್ಷತೆಯೂ ಅದರ ಅಂಗಗಳು ಎಂದು ಸಾರಿದರು. ರಾಜ್ಯಗಳು ಕೇಂದ್ರದ ಶಾಖಾ ಕಚೇರಿಗಳಲ್ಲ. ಸಂವಿಧಾನವು ತಮಗೆ ಕೊಟ್ಟ ಕ್ಷೇತ್ರದಲ್ಲಿ ಅವು ಸ್ವಂತ ಹಕ್ಕಿನಿಂದ ನಿಲ್ಲುತ್ತವೆ ಎಂಬುದು ಇದರಿಂದ ಸ್ಥಿರವಾಯಿತು.

ತೀರ್ಪು ಹೇಳಿದ್ದೇನು?

ಆರು ಪ್ರತ್ಯೇಕ ಅಭಿಪ್ರಾಯಗಳಲ್ಲಿ ಹರಡಿಕೊಂಡಿರುವ ಈ ದೀರ್ಘ ತೀರ್ಪಿನ ಬಹುಮತದ ಸಾರವನ್ನು ನಾಲ್ಕು ಅಂಶಗಳಲ್ಲಿ ಸಂಗ್ರಹಿಸಬಹುದು.

ಮೊದಲನೆಯದಾಗಿ, 356ನೆಯ ವಿಧಿಯ ಉದ್ಘೋಷಣೆಯು ನ್ಯಾಯಾಂಗದ ಪರಾಮರ್ಶೆಗೆ ಒಳಪಟ್ಟದ್ದು. ಸಚಿವ ಸಂಪುಟವು ರಾಷ್ಟ್ರಪತಿಗಳಿಗೆ ಏನು ಸಲಹೆ ನೀಡಿತು ಎಂದು ನ್ಯಾಯಾಲಯವು ಕೇಳುವಂತಿಲ್ಲ. 74ನೆಯ ವಿಧಿ ಅದನ್ನು ನಿಷೇಧಿಸಿದೆ. ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿ ಏನಿತ್ತು, ಅದು ಪ್ರಸ್ತುತವಾಗಿತ್ತೆ ಎಂದು ಕೇಳಬಹುದು. ಇಲ್ಲಿ ನ್ಯಾಯಾಲಯವು ತನ್ನ ಅಧಿಕಾರವನ್ನು ಸ್ಥಾಪಿಸಿಕೊಳ್ಳುತ್ತಲೇ ತನ್ನ ಮಿತಿಯನ್ನೂ ಗುರುತಿಸಿಕೊಂಡಿದೆ. ಸಾಮಗ್ರಿ ಇದ್ದಲ್ಲಿ ಅದು ಸಾಕಷ್ಟಿದೆಯೇ ಎಂದು ತೂಗಿನೋಡುವುದು ಅದರ ಕೆಲಸವಲ್ಲ.

ಎರಡನೆಯದಾಗಿ, ಸಂಸತ್ತಿನ ಎರಡೂ ಸದನಗಳು ಉದ್ಘೋಷಣೆಯನ್ನು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದಷ್ಟೆ. ಅನುಮೋದನೆಗೆ ಸಂವಿಧಾನವು ಎರಡು ತಿಂಗಳ ಗಡುವು ನೀಡಿದೆ. ಅನುಮೋದನೆ ದೊರೆಯದಿದ್ದರೆ ಹಳೆಯ ಸದನ ಮತ್ತೆ ಜೀವ ತಳೆಯಬೇಕು. ಸದನವನ್ನು ಮೊದಲೇ ಕೊಂದುಬಿಟ್ಟರೆ ಸಂಸತ್ತಿನ ಅನುಮೋದನೆ ಬರಿಯ ಶಾಸ್ತ್ರವಾಗುತ್ತದೆ.

ಮೂರನೆಯದಾಗಿ, ಉದ್ಘೋಷಣೆಯು ಅಸಿಂಧು ಎಂದು ಕಂಡುಬಂದರೆ, ಸಂಸತ್ತು ಅದನ್ನು ಅನುಮೋದಿಸಿದ್ದರೂ, ವಜಾಗೊಂಡ ಸರ್ಕಾರವನ್ನೂ ಸದನವನ್ನೂ ಮರಳಿ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕೆ ಉಂಟು.

ನಾಲ್ಕನೆಯದು ನಮ್ಮ ಲೇಖನದ ಶೀರ್ಷಿಕೆಯ ಪ್ರಶ್ನೆಗೆ ಉತ್ತರ. ಸರ್ಕಾರಕ್ಕೆ ಬಹುಮತ ಇದೆಯೇ ಎಂಬುದನ್ನು ಪರೀಕ್ಷಿಸುವ ಸ್ಥಳ ವಿಧಾನಸಭೆಯ ಅಂಗಣ. ಅದು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ವ್ಯಾಪಕ ಹಿಂಸೆಯಿಂದ ಸದನ ಸೇರುವುದೇ ಅಸಾಧ್ಯವಾದಂತಹ ಅಪರೂಪದ ಸನ್ನಿವೇಶವೊಂದೇ ಇದಕ್ಕೆ ಅಪವಾದ. ಸಂಪುಟವು ಹೊಣೆಯಾಗಿರುವುದು ವಿಧಾನಸಭೆಗೆ. ಆದ್ದರಿಂದ ಆ ಹೊಣೆ ಮುಗಿಯಿತು ಎಂದು ಹೇಳಬೇಕಾದುದೂ ವಿಧಾನಸಭೆಯೇ. ಕೇಂದ್ರ–ರಾಜ್ಯ ಸಂಬಂಧಗಳ ಪರಿಶೀಲನೆಗಾಗಿ 1983ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಸರ್ಕಾರಿಯಾ ಆಯೋಗವೂ ಇದೇ ಮಾತನ್ನು ಶಿಫಾರಸಿನ ರೂಪದಲ್ಲಿ ಹೇಳಿತ್ತು. ಶಿಫಾರಸು ಈಗ ಕಾನೂನಾಯಿತು.

ಈ ತತ್ತ್ವಗಳ ಬೆಳಕಿನಲ್ಲಿ ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ಉದ್ಘೋಷಣೆಗಳು ಅಸಾಂವಿಧಾನಿಕವೆಂದು ತೀರ್ಮಾನವಾದವು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಉದ್ಘೋಷಣೆಗಳನ್ನು, ಧರ್ಮನಿರಪೇಕ್ಷತೆಗೆ ವಿರುದ್ಧವಾದ ನಡೆಯು 356ನೆಯ ವಿಧಿಯ ಪ್ರಯೋಗಕ್ಕೆ ಆಧಾರವಾಗಬಲ್ಲದು ಎಂಬ ನೆಲೆಯಲ್ಲಿ, ನ್ಯಾಯಾಲಯವು ಎತ್ತಿಹಿಡಿಯಿತು. ಅಂದರೆ ತೀರ್ಪು ಕೇಂದ್ರದ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಅದನ್ನು ಬಳಸುವವರು ಕಾರಣ ತೋರಿಸಬೇಕು ಎಂದಿತು.

ಗೆದ್ದವರಿಗೆ ದೊರೆತದ್ದೇನು?

ಇಲ್ಲಿ ಮರೆಯಬಾರದ ಒಂದು ಕಟುಸತ್ಯವಿದೆ. ತೀರ್ಪು ಬಂದಾಗ ಉದ್ಘೋಷಣೆ ಹೊರಟು ಐದು ವರ್ಷ ತುಂಬಲು ಒಂದೇ ತಿಂಗಳು ಬಾಕಿಯಿತ್ತು. 1989ರ ನವೆಂಬರಿನಲ್ಲಿ ಚುನಾವಣೆ ನಡೆದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದರು. ಅವರ ಅನಂತರ ಎಸ್. ಬಂಗಾರಪ್ಪನವರು ಬಂದು ಹೋಗಿ, ಎಂ. ವೀರಪ್ಪ ಮೊಯಿಲಿಯವರು ಅಧಿಕಾರದಲ್ಲಿದ್ದರು. ಬೊಮ್ಮಾಯಿ ಅವರಿಗೆ ಹಿಂದಿರುಗಿಸಲು ಸರ್ಕಾರವೂ ಇರಲಿಲ್ಲ, ಸದನವೂ ಇರಲಿಲ್ಲ. ಗೆಲುವು ದೊರೆತದ್ದು ಅವರ ಹೆಸರಿಗೆ, ಫಲ ದೊರೆತದ್ದು ಮುಂದಿನವರಿಗೆ. ನ್ಯಾಯಾಲಯವು ಸರಿಯಾದ ಮಾತನ್ನು ಹೇಳಿದರೂ ತಡವಾಗಿ ಹೇಳಿದರೆ, ಹಾನಿಗೊಳಗಾದವನಿಗೆ ಅದರಿಂದ ಪರಿಹಾರ ಸಿಗದು. ಅಧಿಕಾರ ವಿಭಜನೆಯಲ್ಲಿ ಕಾಲವೂ ಒಂದು ಪಾಲುದಾರ ಎಂಬುದನ್ನು ಈ ಪ್ರಕರಣ ಕಲಿಸುತ್ತದೆ.

ಆದರೆ ಮುಂದಿನವರಿಗೆ ದೊರೆತ ಫಲ ಸಣ್ಣದೇನಲ್ಲ. 1997ರಲ್ಲಿ ಉತ್ತರಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಕೇಂದ್ರ ಸಂಪುಟವು ಮಾಡಿದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಮರುಪರಿಶೀಲನೆಗಾಗಿ ಹಿಂದಕ್ಕೆ ಕಳುಹಿಸಿದರು. 1999ರ ಫೆಬ್ರವರಿಯಲ್ಲಿ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತಾದರೂ, ರಾಜ್ಯಸಭೆಯಲ್ಲಿ ಅನುಮೋದನೆ ದೊರೆಯುವಂತಿರಲಿಲ್ಲ. ಮಾರ್ಚ್‌ನಲ್ಲಿ ಉದ್ಘೋಷಣೆಯನ್ನು ಹಿಂಪಡೆಯಲಾಯಿತು, ವಜಾಗೊಂಡಿದ್ದ ಸರ್ಕಾರ ಮರಳಿ ಬಂತು. ಸದನವು ವಿಸರ್ಜನೆಯಾಗದೆ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಕರ್ನಾಟಕಕ್ಕೆ 1989ರಲ್ಲಿ ದೊರೆಯದ ರಕ್ಷಣೆ ಹತ್ತು ವರ್ಷಗಳ ಬಳಿಕ ಬಿಹಾರಕ್ಕೆ ದೊರೆಯಿತು. 2016ರಲ್ಲಿ ಉತ್ತರಾಖಂಡದಲ್ಲಿ ನ್ಯಾಯಾಲಯದ ನಿಗಾದಲ್ಲಿಯೇ ವಿಶ್ವಾಸಮತ ನಡೆದು ಸರ್ಕಾರ ಪುನಃಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿಯೇ 2018ರ ಮೇ ತಿಂಗಳಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬಾರದಿದ್ದಾಗ, ಬಹುಮತ ಸಾಬೀತಿಗೆ ರಾಜ್ಯಪಾಲರು ಹದಿನೈದು ದಿನಗಳ ಅವಕಾಶ ಕೊಟ್ಟಿದ್ದರು. ಸರ್ವೋಚ್ಚ ನ್ಯಾಯಾಲಯವು ಮರುದಿನ, ಅಂದರೆ ಮೇ 19ರಂದೇ ಸದನದಲ್ಲಿ ಪರೀಕ್ಷೆಯಾಗಲಿ ಎಂದು ಆದೇಶಿಸಿತು. ಪಕ್ಷಗಳು ಬೇರೆ, ರಾಜ್ಯಗಳು ಬೇರೆ. ಅನ್ವಯವಾದ ಸೂತ್ರ ಮಾತ್ರ ಒಂದೇ.

ತೀರ್ಪು ಮುಟ್ಟಲಾರದ ಜಾಗ

ಹಾಗೆಂದು ಈ ತೀರ್ಪಿನಿಂದ ಎಲ್ಲವೂ ನೆಟ್ಟಗಾಯಿತು ಎಂದು ನಾವು ಹೇಳಲಾರೆವು. 2016ರ ಜುಲೈನಲ್ಲಿ ನ್ಯಾಯಾಲಯವು ಅರುಣಾಚಲ ಪ್ರದೇಶದ ವಜಾಗೊಂಡ ಸರ್ಕಾರವನ್ನು ಮರಳಿ ಸ್ಥಾಪಿಸಿತು. ಆದರೆ ಶಾಸಕರ ಬೆಂಬಲ ಉಳಿದಿರದ ಕಾರಣ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳು ಬದಲಾದರು. ನ್ಯಾಯಾಲಯವು ಸರ್ಕಾರವನ್ನು ಹಿಂದಿರುಗಿಸಬಲ್ಲದು, ಬಹುಮತವನ್ನು ಸೃಷ್ಟಿಸಲಾರದು.

ಬಹುಮತವನ್ನು ಸದನದಲ್ಲಿ ಎಣಿಸಬೇಕು ಎಂಬುದು ಸ್ಥಿರವಾದ ಮೇಲೆ, ಸದನದ ಹೊರಗೆ ಶಾಸಕರನ್ನು ಸೆಳೆಯುವ ಪ್ರಯತ್ನಗಳು ಹೆಚ್ಚಿನ ಬೆಲೆ ಪಡೆದವು. ಪಕ್ಷಾಂತರವನ್ನು ತಡೆಯಲು 1985ರ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಸೇರ್ಪಡೆಯಾಯಿತು. ಅದರಲ್ಲಿ ತೀರ್ಮಾನಿಸುವ ಅಧಿಕಾರ ಸಭಾಧ್ಯಕ್ಷರದು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಮಾನವೂ ನ್ಯಾಯಾಂಗದ ಪರಾಮರ್ಶೆಗೆ ಒಳಪಟ್ಟದ್ದು ಎಂದಿತು. 2019ರ ಜುಲೈ 23ರಂದು ಕರ್ನಾಟಕದ ಸಮ್ಮಿಶ್ರ ಸರ್ಕಾರವು ವಿಶ್ವಾಸಮತದಲ್ಲಿ 99 ಮತಗಳನ್ನು ಪಡೆದು, 105 ವಿರುದ್ಧ ಮತಗಳೆದುರು ಬಿದ್ದುಹೋಯಿತು. ಎಣಿಕೆ ಸದನದಲ್ಲಿಯೇ, ಬೊಮ್ಮಾಯಿ ತೀರ್ಪಿನ ಸೂತ್ರದಂತೆಯೇ ನಡೆಯಿತು. ಆದರೆ ಸದನಕ್ಕೆ ಬಾರದೆ ಉಳಿದ ಶಾಸಕರ ರಾಜೀನಾಮೆ ಹಾಗೂ ಅನರ್ಹತೆಯ ಪ್ರಶ್ನೆಗಳು ಮತ್ತೆ ನ್ಯಾಯಾಲಯದ ಮುಂದೆ ಹೋದವು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯವು 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತು. ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ಮಾತ್ರ ತೆಗೆದುಹಾಕಿತು. ಎಲ್ಲಿ ಎಣಿಸಬೇಕು ಎಂಬುದನ್ನು ಸಂವಿಧಾನ ಹೇಳಬಲ್ಲದು. ಎಣಿಕೆಗೆ ನಿಂತವನ ಅಂತರಂಗ ಹೇಗಿರಬೇಕು ಎಂಬುದನ್ನು ಕಾನೂನು ಮಾತ್ರವೇ ನಿರ್ಧರಿಸಲಾರದು. ಅದು ಮತದಾರನ ಎಚ್ಚರದಿಂದ ಆಗಬೇಕಾದ ಕೆಲಸ.

ಓದುಗರು ಕೇಳಬೇಕಾದ ಪ್ರಶ್ನೆಗಳು

ಅಧಿಕಾರವನ್ನು ಹಂಚಿರುವುದು ಯಾರನ್ನೂ ದುರ್ಬಲಗೊಳಿಸಲು ಅಲ್ಲ. ಯಾರೊಬ್ಬರ ಮಾತೂ ಪ್ರಶ್ನೆಯಿಲ್ಲದೆ ಕೊನೆಯ ಮಾತಾಗದಿರಲಿ ಎಂಬುದಕ್ಕೆ. ರಾಜ್ಯಪಾಲರು ವರದಿ ಮಾಡಬಹುದು, ಕೇಂದ್ರ ಸಂಪುಟವು ಸಲಹೆ ನೀಡಬಹುದು, ರಾಷ್ಟ್ರಪತಿಗಳು ಅದನ್ನು ಒಮ್ಮೆ ಹಿಂದಿರುಗಿಸಬಹುದು, ಸಂಸತ್ತು ಅನುಮೋದಿಸಬಹುದು ಅಥವಾ ತಿರಸ್ಕರಿಸಬಹುದು, ನ್ಯಾಯಾಲಯವು ಆಧಾರವನ್ನು ಕೇಳಬಹುದು. ಇಷ್ಟು ಮೆಟ್ಟಿಲುಗಳನ್ನು ಇಟ್ಟಿರುವುದು ಜನರು ಆರಿಸಿದ ಸದನವನ್ನು ಅವಸರದಲ್ಲಿ ಇಲ್ಲವಾಗಿಸಬಾರದು ಎಂಬ ಒಂದೇ ಉದ್ದೇಶದಿಂದ.

ಆದ್ದರಿಂದ ಇನ್ನು ಮುಂದೆ ಯಾವುದೇ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯ ಸುದ್ದಿ ಬಂದಾಗ, ಅಲ್ಲಿರುವುದು ನಮಗೆ ಬೇಕಾದ ಪಕ್ಷವೋ ಬೇಡವಾದ ಪಕ್ಷವೋ ಎಂದು ನೋಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಬಹುಮತವನ್ನು ಸದನದಲ್ಲಿ ಎಣಿಸಲಾಯಿತೆ? ರಾಜ್ಯಪಾಲರ ವರದಿಗೆ ಆಧಾರವೇನು? ಸಂಸತ್ತು ಅನುಮೋದಿಸುವವರೆಗೆ ಸದನವನ್ನು ಉಳಿಸಿಕೊಳ್ಳಲಾಗಿದೆಯೆ? ನ್ಯಾಯಾಲಯದ ವಿಚಾರಣೆಯು ಫಲಕೊಡುವಷ್ಟು ಬೇಗ ನಡೆಯುತ್ತಿದೆಯೆ? ಈ ನಾಲ್ಕಕ್ಕೆ ನೇರವಾದ ಉತ್ತರ ದೊರೆತರೆ, ನಡೆದದ್ದು ಸಂವಿಧಾನದ ದಾರಿಯಲ್ಲಿಯೋ ಅದರಾಚೆಗೋ ಎಂಬುದನ್ನು ಯಾರ ಸಹಾಯವೂ ಇಲ್ಲದೆ ನಾವೇ ತಿಳಿಯಬಲ್ಲೆವು.

ನಮ್ಮ ನಾಡಿನ ಮುಖ್ಯಮಂತ್ರಿಯೊಬ್ಬರು ಎಂಟು ತಿಂಗಳಷ್ಟೇ ಅಧಿಕಾರದಲ್ಲಿದ್ದು, ಅದನ್ನು ಕಳೆದುಕೊಂಡ ಬಳಿಕ ಐದೇ ದಿನಗಳಲ್ಲಿ ನ್ಯಾಯಾಲಯಕ್ಕೆ ಹೋಗಿ, ಐದು ವರ್ಷ ಕಾದು ದೇಶಕ್ಕೆ ತಂದುಕೊಟ್ಟ ಸೂತ್ರವಿದು. ಇದನ್ನು ಪರೀಕ್ಷೆಯ ಉತ್ತರವಾಗಿ ಮಾತ್ರ ಉಳಿಸಿಕೊಳ್ಳದೆ, ಪೌರರ ತಿಳಿವಳಿಕೆಯಾಗಿ ಮನೆಮನೆಗಳಲ್ಲಿ ಉಳಿಸಿಕೊಳ್ಳಬೇಕು ಎಂಬುದು ನಮ್ಮ ವಿನಂತಿ.